ಓಬಳರಾಜು ಕೊಟ್ಟ ವಿಳಾಸ

ಮಧುಗಿರಿ ಬಸ್ ನಿಲ್ದಾಣದ ಕಾಂಪೌಂಡಿಗೆ ಬೆನ್ನು ಕೊಟ್ಟುಕೊಂಡು ಒಂದು ಅಂಗಡಿ ಇದೆ. ಅರ್ಧ ಟೀ ಅಂಗಡಿ, ಇನ್ನರ್ಧ ಬಸ್ಸುಗಳಿಗೆ ಪಾರ್ಸೆಲ್ ಹಾಕುವ ಜಾಗ. ಟೀ ಶಿವಲಕ್ಷ್ಮಿಯದು, ಪಾರ್ಸೆಲ್ ಅವಳ ಗಂಡ ಓಬಳರಾಜುವಿನದು. ಐವತ್ತು ದಾಟಿದ ಓಬಳರಾಜು ಕುರ್ಚಿಯಲ್ಲಿ ಕೂರುವುದು ಕಡಿಮೆ. ಅರ್ಧ ಆಯಸ್ಸನ್ನು ಓಡುವ ಬಸ್ಸಿನಲ್ಲಿ ನಿಂತೇ ಕಳೆದವನಿಗೆ ಕೂತರೆ ಸೊಂಟ ಹಿಡಿದುಕೊಳ್ಳುತ್ತದೆ.

ಅವನು ಖಾಸಗಿ ಬಸ್ಸಿನ ಕಂಡಕ್ಟರ್ ಆಗಿದ್ದ. ಮೊದಲು ಶಿರಾ ಮಧುಗಿರಿ ನಡುವೆ, ಆಮೇಲೆ ಪಾವಗಡದಿಂದ ಮಧುಗಿರಿ ಮೇಲೆ ಕೊರಟಗೆರೆಗೆ. ಟಿಕೆಟ್ ಹರಿಯುತ್ತಲೇ ಜನರನ್ನು ಮಾತಿಗೆಳೆಯುವುದು ಅವನ ಚಟ. ಯಾರ ಹೊಲದಲ್ಲಿ ಏನಿದೆ, ಯಾರ ಮನೆಯ ಎಮ್ಮೆ ಕರು ಹಾಕಿದೆ, ಯಾರ ಕೈಯಲ್ಲಿ ಯಾವ ಕಸುಬಿದೆ, ಎಲ್ಲ ಅವನ ತಲೆಯಲ್ಲಿ ಇರುತ್ತಿತ್ತು. ಒಂದು ದಿನ ಕೊರಟಗೆರೆಯ ಸಂಜೀವಯ್ಯ ಬಸ್ಸು ಹತ್ತಿ, ಎತ್ತಿನ ಗಾಣ ಹಾಕಿಕೊಂಡಿದ್ದೇನೆ, ಔಷಧಿ ಹೊಡೆಯದ ಕಡಲೆಕಾಯಿ ಎಲ್ಲೂ ಸಿಗುತ್ತಿಲ್ಲ ಎಂದು ಗೊಣಗಿದ. ಅದೇ ಬಸ್ಸಿನ ಹಿಂದಿನ ಸೀಟಿನಲ್ಲಿ ಪಾವಗಡದ ಕಡೆಯ ರೈತನೊಬ್ಬ ಅಂಥದ್ದೇ ಕಡಲೆಕಾಯಿಯ ಮೂಟೆ ಕಾಲಡಿ ಇಟ್ಟುಕೊಂಡು, ಕೊಳ್ಳುವವರಿಲ್ಲವೆಂದು ಸಪ್ಪಗೆ ಕೂತಿದ್ದ. ಓಬಳರಾಜು ಸಂಜೀವಯ್ಯನ ಪಕ್ಕದಲ್ಲಿದ್ದವರನ್ನು ಎಬ್ಬಿಸಿ ಆ ರೈತನನ್ನು ಅಲ್ಲಿ ತಂದು ಕೂರಿಸಿದ. ಕೊರಟಗೆರೆ ಇನ್ನೂ ದೂರವಿರುವಾಗಲೇ ವ್ಯಾಪಾರ ಕುದುರಿತ್ತು. ಆ ದಿನ ಓಬಳರಾಜುವಿಗೆ ಆದ ಸಂತೋಷ ಎಂಥದ್ದೆಂದರೆ, ಇಳಿಯಬೇಕಾದವರನ್ನು ಇಳಿಸುವುದನ್ನೇ ಮರೆತು ಎರಡು ಸ್ಟಾಪು ಮುಂದೆ ಹೋಗಿ ಬೈಸಿಕೊಂಡ.

ಕೊರೊನಾ ಬಂತು. ಬಸ್ಸಿನ ಯಜಮಾನರು ಬಸ್ಸನ್ನೇ ಮಾರಿದರು. ಓಬಳರಾಜು ಪಾರ್ಸೆಲ್ ಅಂಗಡಿ ಹಾಕಿದ. ಜನ ಮಾತ್ರ ಅವನನ್ನು ಬಿಡಲಿಲ್ಲ. ಬೇವಿನ ಹಿಂಡಿ ಬೇಕಾದವರು, ನಾಟಿ ಬೀಜ ಇಟ್ಟುಕೊಂಡವರು, ಪ್ಲಾಸ್ಟಿಕ್ ಬಿಟ್ಟು ಬೇರೆ ಚೀಲ ಹುಡುಕುವವರು, ಎಲ್ಲ ಟೀ ಕುಡಿಯುವ ನೆಪದಲ್ಲಿ ಬಂದು ಒಬ್ಬರ ನಂಬರು ಇನ್ನೊಬ್ಬರಿಗೆ ಇವನಿಂದ ಪಡೆಯುತ್ತಿದ್ದರು. ತುಮಕೂರಿನ ಒಂದು ಸಂಸ್ಥೆಯವರು ಇದನ್ನು ನೋಡಿ ಅವನನ್ನು ಎರಡು ದಿನದ ಶಿಬಿರಕ್ಕೆ ಕರೆದುಕೊಂಡು ಹೋದರು. ಅಲ್ಲಿ ಒಬ್ಬರು, "ನೀವು ಮಾಡ್ತಿರೋದಕ್ಕೇ ನೆಟ್‌ವರ್ಕಿಂಗ್ ಅನ್ನೋದು. ಭೂಮಿ ಕೆಡಿಸದೆ ಬಿಸಿನೆಸ್ ಮಾಡೋರು ನಿಮ್ಮ ಕಡೆ ತುಂಬಾ ಜನ ಇದ್ದಾರೆ. ಅವರನ್ನೆಲ್ಲ ಒಂದು ಕಡೆ ಸೇರಿಸಿ" ಎಂದರು.

ಓಬಳರಾಜು ಮನೆಗೆ ಬಂದು ಹೆಂಡತಿಯ ಮುಂದೆ ಆ ಮಾತನ್ನು ಹೇಳಿದ. ಶಿವಲಕ್ಷ್ಮಿ ಹಾಲು ಸೋಸುತ್ತಾ, "ನೀವು ಮೊದಲಿಂದ್ಲೂ ಅದ್ನೇ ಮಾಡ್ತಿದ್ದಿದ್ದು. ಈಗ ಇಂಗ್ಲಿಷ್ನಲ್ಲಿ ಯೋಳವ್ರೆ ಅಷ್ಟೇಯ" ಎಂದಳು.

ಹಾಗೆ ನಾಲ್ಕೂರು ಬಳಗ ಹುಟ್ಟಿತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ಊರುಗಳವರು ತಿಂಗಳಿಗೊಂದು ಭಾನುವಾರ ಎಲ್ಲಾದರೊಂದು ಕಡೆ ಸೇರುವುದು, ತಾವು ಮಾಡಿದ್ದನ್ನು ತಂದು ತೋರಿಸುವುದು, ಒಬ್ಬರಿಗೊಬ್ಬರು ಕೆಲಸಕ್ಕೆ ಬರುವುದು. ಮೊಬೈಲಿನಲ್ಲಿ ಒಂದು ಗ್ರೂಪು, ಅದಕ್ಕೆ ಓಬಳರಾಜುವೇ ಅಡ್ಮಿನ್. ಸಂಜೀವಯ್ಯ ಎಣ್ಣೆ ತರುತ್ತಿದ್ದ. ಶಿರಾದ ಕರೀಮ್ ಸಾಬರು ಹಳೇ ಗೋಣಿಚೀಲಗಳನ್ನು ಒಗೆಸಿ ಸೊಗಸಾದ ಕೈಚೀಲ ಹೊಲಿಸಿ ತರುತ್ತಿದ್ದರು. ಯಾರಿಗೆ ಏನು ಬೇಕಾದರೂ ಮೊದಲ ಫೋನು ಓಬಳರಾಜುವಿಗೆ ಬರುತ್ತಿತ್ತು. ಹೊಸಬರು ಯಾರಾದರೂ, "ನಿಮ್ಮದು ಯಾವ ಬಿಸಿನೆಸ್ಸು ಸಾರ್?" ಎಂದು ಕೇಳಿದಾಗ ಮಾತ್ರ ಅವನಿಗೆ ಪಾರ್ಸೆಲ್ ಎನ್ನಲು ನಾಚಿಕೆ. "ಎಲ್ಲಾರ್ದೂ ನಂದೇಯ" ಎಂದು ನಕ್ಕುಬಿಡುತ್ತಿದ್ದ.

ಎರಡು ವರ್ಷ ಹೀಗೇ ನಡೆಯಿತು. ಆಮೇಲೆ ಲೋಹಿತಾ ಬಂದಳು.

ಅವಳು ಪಾವಗಡದ ಆಚೆ ರಾಯಚರ್ಲು ಊರಿನವಳು. ಮನೆಯವರು ಹೊಲವನ್ನು ಸೋಲಾರ್ ಪಾರ್ಕಿಗೆ ಗುತ್ತಿಗೆ ಕೊಟ್ಟಿದ್ದರು. ಬಿ.ಕಾಂ. ಮುಗಿಸಿದ ಲೋಹಿತಾ ಆ ಪ್ಯಾನೆಲ್ಲುಗಳ ಕೆಳಗೆ ಬೆಳೆಯುವ ಹುಲ್ಲು ನೋಡಿ, ಅದನ್ನು ಯಂತ್ರದಲ್ಲಿ ಕತ್ತರಿಸುವ ಬದಲು ಕುರಿ ಮೇಯಿಸುತ್ತೇವೆ ಎಂದು ಅಲ್ಲಿನವರನ್ನು ಒಪ್ಪಿಸಿ, ಕುರಿ ಸಾಕುವ ನಾಲ್ಕಾರು ಮನೆಯವರನ್ನು ಕೂಡಿಸಿಕೊಂಡು ಕೆಲಸ ಶುರುಮಾಡಿದ್ದಳು. ಮೊದಲ ಸಲ ಸಭೆಗೆ ಬಂದಾಗ ಬಾಗಿಲ ಹತ್ತಿರ ನಿಂತಿದ್ದವಳನ್ನು ಓಬಳರಾಜುವೇ ಒಳಗೆ ಕರೆದು, ಒಬ್ಬೊಬ್ಬರ ಬಳಿಗೂ ಕರೆದುಕೊಂಡು ಹೋಗಿ ಪರಿಚಯ ಮಾಡಿಸಿದ. "ನಮ್ ಕಡೆ ಹುಡುಗಿ, ವಸಿ ನೋಡ್ಕಳಿ" ಎಂದ.

ಅವರು ನೋಡಿಕೊಂಡರು. ಅದೇ ತೊಂದರೆಯಾಯಿತು.

ಲೋಹಿತಾ ಯಾರ ಮಾತನ್ನೂ ಮರೆಯುತ್ತಿರಲಿಲ್ಲ. ಸಂಜೀವಯ್ಯನ ಗಾಣದ ಎತ್ತಿಗೆ ಕಾಲುನೋವು ಎಂದು ಕೇಳಿದ್ದಳೇನೋ, ಮುಂದಿನ ಸಲ ಬರುವಾಗ ಪಶುವೈದ್ಯರೊಬ್ಬರ ನಂಬರು ತಂದುಕೊಟ್ಟಳು. ಅವಳದೇ ಸಲಹೆಯಂತೆ ಸಭೆಯಲ್ಲಿ ಪ್ರತಿಯೊಬ್ಬರೂ ಎದ್ದು ನಿಂತು, ನನ್ನ ಹತ್ತಿರ ಏನಿದೆ, ನನಗೆ ಏನು ಬೇಕು ಎಂದು ಹೇಳುವ ಪದ್ಧತಿ ಶುರುವಾಯಿತು. ಒಳ್ಳೆಯ ಪದ್ಧತಿ. ಮೊದಲೆಲ್ಲ ಓಬಳರಾಜುವಿನ ಕಿವಿಯಲ್ಲಿ ಹೇಳುತ್ತಿದ್ದುದನ್ನು ಜನ ಈಗ ಎಲ್ಲರೆದುರು ಹೇಳಿ, ಬೇಕಾದವರು ಅಲ್ಲಲ್ಲೇ ಕೈ ಕುಲುಕಿಕೊಂಡು ಹೊರಟರು. ಓಬಳರಾಜು ಆ ಭಾನುವಾರ ಕುರ್ಚಿ ಎತ್ತಿಡುವ ಕೆಲಸ ಮಾಡಿದ.

ಫೋನು ಬರುವುದು ಕಡಿಮೆಯಾಯಿತು. ಅಂಗಡಿಯಲ್ಲಿ ನಿಂತು ಅವನು ಗ್ರೂಪನ್ನು ತೆರೆದು ನೋಡುತ್ತಿದ್ದ. ಲೋಹಿತಾ ಕುರಿಮರಿಯ ಫೋಟೋ ಹಾಕಿದರೂ ಜನ ಹೂವು, ಹೆಬ್ಬೆಟ್ಟು, ಕೈಮುಗಿದ ಚಿತ್ರ ಹಾಕಿ ತುಂಬಿಸುತ್ತಿದ್ದರು. ಇವನು ಸಭೆಯ ಜಾಗ ತಿಳಿಸಿದರೆ ಕರೀಮ್ ಸಾಬರೊಬ್ಬರೇ 'ಓಕೆ' ಎನ್ನುತ್ತಿದ್ದರು. ಯಾರು ಯಾರು ಅವಳಿಗೆ ಏನು ಹಾಕಿದ್ದಾರೆಂದು ಅವನು ಒಂದೊಂದೇ ಹೆಸರು ಒತ್ತಿ ನೋಡುವನು. ತಾನು ಟಿಕೆಟ್ಟಿಲ್ಲದೆ ಕರೆದುಕೊಂಡು ಹೋದವರು, ತಾನು ಮೂಟೆಗೆ ಲಗೇಜು ಚಾರ್ಜು ಹಾಕದೆ ಬಿಟ್ಟವರು, ಮಗಳ ಮದುವೆಗೆ ತಾನೇ ಗಂಡು ತೋರಿಸಿಕೊಟ್ಟವರು, ಎಲ್ಲರೂ ಅಲ್ಲಿದ್ದರು. ಫೋನನ್ನು ಜೇಬಿಗೆ ಹಾಕಿ, ಮತ್ತೆ ತೆಗೆದು ನೋಡುವನು.

"ಅವ್ಳು ಸ್ಟೇಟಸ್ ಹಾಕಿದ್ರೆ ಮೊದಲು ನೋಡೋರು ನೀವೇ ಅಂತೆ. ಹುಡುಗಿ ಫೋನ್ ಮಾಡಿದ್ಲು, ನಕ್ಕೊಂಡು ಯೋಳ್ತಿದ್ಲು, ಅಣ್ಣಂಗೆ ನನ್ ಮ್ಯಾಲೆ ಎಷ್ಟು ಕಾಳಜಿ ಅಂತ" ಎಂದಳು ಶಿವಲಕ್ಷ್ಮಿ. ಓಬಳರಾಜು ಪಾರ್ಸೆಲ್ಲಿಗೆ ಹಗ್ಗ ಬಿಗಿದ. ಎಷ್ಟು ಬಿಗಿದನೆಂದರೆ ಡಬ್ಬ ಸೊಟ್ಟಗಾಯಿತು.

ಅಷ್ಟರಲ್ಲಿ ತುಮಕೂರಿನ ಸಂಸ್ಥೆಯವರು ಬೇರೆ ಜಿಲ್ಲೆಯವರನ್ನು ಕರೆದು ದೊಡ್ಡ ಸಭೆ ಮಾಡಿದರು. ನಾಲ್ಕೂರು ಬಳಗದ ಪರವಾಗಿ ಮಾತಾಡಲು ಲೋಹಿತಾಳನ್ನು ಕರೆದರು. ಓಬಳರಾಜುವಿಗೂ ಆಹ್ವಾನ ಬಂತು, ಪ್ರೇಕ್ಷಕನಾಗಿ. ಅವನು ಹೋಗಲಿಲ್ಲ. ಸೊಂಟನೋವು ಎಂದ.

ಅದಾದ ಮೇಲೆ ಒಂದು ಸಂಜೆ ಲೋಹಿತಾ ಅಂಗಡಿಗೇ ಬಂದಳು. ಕುರಿ ಉಣ್ಣೆಯನ್ನು ಕೇಳುವವರೇ ಇಲ್ಲ, ನಮ್ಮವರು ಕತ್ತರಿಸಿ ಬೇಲಿಗೆ ಎಸೆಯುತ್ತಿದ್ದಾರೆ, ಅದರಲ್ಲಿ ನೆಲಹಾಸು ನೇಯಿಸಬೇಕು ಎಂದು ಅವಳ ಯೋಚನೆ.

"ಕಂಬಳಿ ನೇಯೋರು ಯಾರಾದ್ರೂ ಇದ್ರೆ ಯೋಳಣ್ಣಾ. ನೀನೊಬ್ಬನೇ ತಿಳಿದಿರೋನು ಅಂತ ಎಲ್ಲಾರೂ ಅಂದ್ರು. ಮಾ ಅಮ್ಮನೂ ಅದೇ ಚೆಪ್ಪಿಂದಿ, ಓಬಳರಾಜಣ್ಣನ್ನ ಕೇಳು ಅಂತ" ಎಂದಳು. ಪಾವಗಡದ ಗಡಿಯವರ ಮಾತು ಹಾಗೇ, ಕನ್ನಡದೊಳಗೆ ತೆಲುಗು ಬಂದು ಕೂತಿರುತ್ತದೆ.

ಓಬಳರಾಜುವಿಗೆ ನೇಯುವವರು ಇಬ್ಬರು ಗೊತ್ತಿದ್ದರು. ಒಬ್ಬ ಮಧುಗಿರಿ ಹತ್ತಿರದವನೇ, ಸಾಧು ಮನುಷ್ಯ, ಹೇಳಿದಂತೆ ನೇಯ್ದುಕೊಡುವವನು. ಇನ್ನೊಬ್ಬ ಶಿರಾದ ಆಚೆಯ ಹಟ್ಟಿಯ ಪಾಲಣ್ಣ. ಪಾಲಣ್ಣನ ಕೈಯಂಥ ಕೈ ಆ ಸೀಮೆಯಲ್ಲಿಲ್ಲ. ಅವನ ಬಾಯಂಥ ಬಾಯಿಯೂ ಇಲ್ಲ. ಮುಂಚೆ ತಿಳಿಸದೆ ಅವನ ಮನೆಗೆ ಹೋದವರೆಲ್ಲ ಬೈಸಿಕೊಂಡೇ ಬಂದಿದ್ದರು. ವಿಡಿಯೋ ಮಾಡಲು ಹೋದ ಒಬ್ಬನ ಕ್ಯಾಮೆರಾ ಸ್ಟ್ಯಾಂಡು ನೂಲಿಗೆ ಬಳಿಯುವ ಹುಣಸೆಬೀಜದ ಗಂಜಿಯ ಗುಡಾಣಕ್ಕೆ ಬಿದ್ದಿತ್ತು. ಡಿಸೈನ್ ಕಲಿತ ಇಬ್ಬರು ಹೆಣ್ಣುಮಕ್ಕಳು ಅಳುತ್ತಾ ಬಸ್ಸು ಹತ್ತಿದ್ದನ್ನು ಓಬಳರಾಜುವೇ ನೋಡಿದ್ದ. ಪಾಲಣ್ಣ ಮಾತು ಕೇಳುತ್ತಿದ್ದುದು ಓಬಳರಾಜುವೊಬ್ಬನದು. ಅವನ ಕಂಬಳಿ ಗಂಟುಗಳನ್ನು ಬಸ್ಸಿನ ಮೇಲೆ ಎಸೆಯದೆ ಒಳಗೇ ಇಡಿಸುತ್ತಿದ್ದ ಕಂಡಕ್ಟರ್ ಇವನೊಬ್ಬನೇ.

ಬೇರೆ ಯಾರನ್ನಾದರೂ ಕಳಿಸುವುದಿದ್ದರೆ ಓಬಳರಾಜು ಮೊದಲು ಸಾಧು ಮನುಷ್ಯನ ಕಡೆಗೇ ಕಳಿಸುತ್ತಿದ್ದ. ಅಂದು ಬಾಯಲ್ಲಿ ಬಂದದ್ದು ಇನ್ನೊಂದು ಹೆಸರು.

"ಪಾಲಣ್ಣ ಅಂತ ಅವ್ನೆ. ವಿಳಾಸ ಕೊಡ್ತೀನಿ, ಓಗಿ ನೋಡಮ್ಮ."

"ನೀನೂ ಬರ್ತೀಯಾ ಅಣ್ಣಾ?"

"ನಂಗೆಲ್ಲಾಯ್ತದೆ, ಅಂಗಡಿ ಐತೆ. ಬೆಳಿಗ್ಗೆ ಒತ್ತಾರೆನೇ ಓಗು. ಬಿಸ್ಲೇರಿದ್ರೆ ಸಿಗಾಕಿಲ್ಲ."

ಈ ಕೊನೆಯ ಮಾತು ಸುಳ್ಳು. ಪಾಲಣ್ಣ ದಿನವಿಡೀ ಮಗ್ಗದ ಗುಂಡಿಯಲ್ಲೇ ಇರುತ್ತಾನೆ. ಬೆಳಗಿನ ಹೊತ್ತಿನಲ್ಲಿ ಮಾತ್ರ ಉದ್ದಕ್ಕೆ ಎಳೆದು ಕಟ್ಟಿದ ಹಾಸಿನ ಎಳೆಗಳಿಗೆ ಹೊರಗಡೆ ಗಂಜಿ ಬಳಿಯುತ್ತಾನೆ. ಆಗ ಹೆಂಡತಿ ಮಕ್ಕಳೂ ಅವನ ಮುಂದೆ ಹಾಯುವುದಿಲ್ಲ. ಆಗ ಯಾರಾದರೂ ಬಂದು ನಮಸ್ಕಾರ ಎಂದರೆ ಮುಗಿಯಿತು. ಓಬಳರಾಜುವಿಗೆ ಅದು ಚೆನ್ನಾಗಿ ಗೊತ್ತಿತ್ತು. ಯಾವಾಗಲೂ ಮಾಡುವಂತೆ ಪಾಲಣ್ಣನಿಗೆ ಒಂದು ಫೋನು ಮಾಡಿ ತಿಳಿಸಬೇಕೆಂದೂ ಗೊತ್ತಿತ್ತು. ಮಾಡಲಿಲ್ಲ. ಲೋಹಿತಾ ಶಿವಲಕ್ಷ್ಮಿಯ ಕೈಯ ಟೀ ಕುಡಿದು, ಲೋಟ ತೊಳೆದಿಟ್ಟು, ಪಾವಗಡದ ಬಸ್ಸು ಹತ್ತಿ ಹೋದಳು.

ಆ ವಾರವೆಲ್ಲ ಓಬಳರಾಜು ಫೋನಿಗಾಗಿ ಕಾದ. ಅವಳು ಅಳುತ್ತಾ ಫೋನು ಮಾಡುತ್ತಾಳೆ, ತಾನು ಸಮಾಧಾನ ಹೇಳುತ್ತೇನೆ, ಜನರೊಂದಿಗೆ ವ್ಯವಹಾರ ಅಂದರೆ ಸ್ಟೇಟಸ್ ಹಾಕಿದಂತಲ್ಲ ಕಣಮ್ಮ ಎನ್ನುತ್ತೇನೆ ಎಂದು ಮನಸ್ಸಿನಲ್ಲೇ ಮಾತು ಹೊಂದಿಸಿಕೊಂಡ. ಫೋನು ಬರಲಿಲ್ಲ. ಅವಮಾನವಾಗಿ ಫೋನು ಮಾಡಿಲ್ಲ ಎಂದುಕೊಂಡು ಇನ್ನಷ್ಟು ಖುಷಿಪಟ್ಟ. ಆ ಖುಷಿಯನ್ನು ಹೆಂಡತಿಗೆ ಹೇಳುವ ಹಾಗಿರಲಿಲ್ಲ.

ಸುದ್ದಿ ತಂದವರು ಕರೀಮ್ ಸಾಬರು. ಕೈಚೀಲದ ಕಟ್ಟು ಪಾರ್ಸೆಲ್ಲಿಗೆ ಹಾಕಲು ಶಿರಾದಿಂದ ಬಂದಿದ್ದರು.

"ಅರೆ ಓಬಳರಾಜಣ್ಣ, ನಿಮ್ಮ ಲೋಹಿತಾ ಬೇಟಿ ಕಮಾಲ್ ಮಾಡಿಬಿಟ್ಲು. ಪಾಲಣ್ಣನ ಮನೆಗೆ ಗೋಣಿ ಕೊಡೋಕೆ ಹೋಗಿದ್ದೆ. ನೋಡಿದ್ರೆ ಜಗಲಿ ಮೇಲೆ ಕೂತ್ಕೊಂಡು ಉಣ್ಣೆ ಹಿಂಜ್ತಾ ಇದಾಳೆ. ಆ ಮುದುಕ ಅವಳಿಗೆ ರೊಟ್ಟಿ ತಿನ್ನು ಅಂತ ಜುಲುಮೆ ಮಾಡ್ತಿದಾನೆ."

"ಪಾಲಣ್ಣನಾ?" ಎಂದ ಓಬಳರಾಜು.

"ಅದೇ ಪಾಲಣ್ಣ. ನಗ್ತಾ ಇದ್ದ ಮಾರಾಯ. ಅವನಿಗೆ ಹಲ್ಲಿದೆ ಅಂತ ನಂಗೆ ಅವತ್ತೇ ಗೊತ್ತಾಗಿದ್ದು."

ಆಮೇಲೆ ಅವರ ಬಾಯಿಂದಲೇ ಪೂರ್ತಿ ಕಥೆ ತಿಳಿಯಿತು. ಲೋಹಿತಾ ಹೋದ ಬೆಳಿಗ್ಗೆ, ಎಳೆಗಳ ಇನ್ನೊಂದು ತುದಿ ನೋಡಿಕೊಳ್ಳುವ ಪಾಲಣ್ಣನ ಸೊಸೆ ತವರಿಗೆ ಹೋಗಿದ್ದಳು. ಹಾಸು ಕಟ್ಟಿದ ಒಂದು ಗೂಟ ಸಡಿಲವಾಗಿ ಎಳೆಗಳು ಜೋಲುತ್ತಿದ್ದವು, ಗಂಜಿ ಬಳಿದಾಗಿತ್ತು, ಬಿಸಿಲು ಏರುತ್ತಿತ್ತು, ಬಿಟ್ಟರೆ ಗಂಟುಗಂಟಾಗಿ ಒಣಗಿಹೋಗುತ್ತದೆ. ಮುದುಕ ಒಬ್ಬನೇ ಈ ತುದಿಯಿಂದ ಆ ತುದಿಗೆ ಓಡಾಡುತ್ತಾ ತನ್ನನ್ನೇ ಬೈದುಕೊಳ್ಳುತ್ತಿದ್ದ. ಕುರಿ, ಉಣ್ಣೆಗಳ ನಡುವೆ ಬೆಳೆದ ಹುಡುಗಿಗೆ ನೋಡಿದೊಡನೆ ಅರ್ಥವಾಯಿತು. ಚೀಲ ಕೆಳಗಿಟ್ಟು, ನಮಸ್ಕಾರವನ್ನೂ ಹೇಳದೆ, ಹೋಗಿ ಎಳೆಗಳನ್ನು ಕಟ್ಟಿದ ಆ ತುದಿಯ ಕೋಲು ಹಿಡಿದು ನಿಂತಳು. ಎಳೆಗಳು ಒಣಗುವ ತನಕ ಇಬ್ಬರೂ ಮಾತಾಡಲಿಲ್ಲವಂತೆ. ಆಮೇಲೆ ಪಾಲಣ್ಣ, "ಯಾರವ್ವ ನೀನು?" ಎಂದನಂತೆ.

ಓಬಳರಾಜು ಇದನ್ನು ಕೇಳಿ ಕುರ್ಚಿ ಎಳೆದುಕೊಂಡು ಕೂತುಬಿಟ್ಟ. ಬಳಗ ಅವಳ ಕಡೆ ಹೋಗಿದ್ದಾಗ ಆದ ಉರಿಗೂ ಇದಕ್ಕೂ ಹೋಲಿಕೆಯಿರಲಿಲ್ಲ. ಬಳಗ ಊರವರದು, ಪಾಲಣ್ಣ ತನ್ನವನು. ಇಷ್ಟು ವರ್ಷದ ಸ್ನೇಹದಲ್ಲಿ ಒಂದು ದಿನವೂ ಪಾಲಣ್ಣ ತನಗೆ ಜುಲುಮೆಯಿಂದ ರೊಟ್ಟಿ ತಿನ್ನಿಸಿದ್ದು ನೆನಪಾಗಲಿಲ್ಲ. ತನ್ನ ಕೈಯಾರೆ ವಿಳಾಸ ಬರೆದುಕೊಟ್ಟು, ಹೋಗುವ ಹೊತ್ತನ್ನೂ ಹೇಳಿ ಕಳಿಸಿದ್ದ. ಆ ಹೊತ್ತೇ ಅವಳಿಗೆ ಒದಗಿಬಂದಿತ್ತು. ಬೇರೆ ಹೊತ್ತಿನಲ್ಲಿ ಹೋಗಿದ್ದರೆ ಎಲ್ಲರಂತೆ ಬೈಸಿಕೊಂಡು ಬರುತ್ತಿದ್ದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಶಿರಾದಲ್ಲಿ ಬಳಗದ ಸಭೆ ನಡೆಯಿತು. ಕರೀಮ್ ಸಾಬರು ಪರಿಚಯದ ಶಾದಿಮಹಲನ್ನು ಬಿಡಿಸಿಕೊಟ್ಟಿದ್ದರು. ಓಬಳರಾಜು ಬರುವುದಿಲ್ಲವೆಂದು ಸೊಂಟದ ನೆಪ ತೆಗೆದ. ಶಿವಲಕ್ಷ್ಮಿ ಅಂಗಡಿಗೆ ಬೀಗ ಹಾಕಿ, ಒಳ್ಳೆಯ ಸೀರೆ ಉಟ್ಟು, ಅವನನ್ನು ಎಬ್ಬಿಸಿಕೊಂಡು ಹೊರಟಳು.

ಮಹಲಿನ ನಡುವೆ ಉಣ್ಣೆಯ ನೆಲಹಾಸುಗಳನ್ನು ಹರಡಿದ್ದರು. ಕಪ್ಪು, ಬೂದು, ಕಂದು, ಕುರಿಯ ಮೈಬಣ್ಣವೇ. ಜನ ಚಪ್ಪಲಿ ಬಿಟ್ಟು ಅವುಗಳ ಮೇಲೆ ಹೆಜ್ಜೆಯಿಟ್ಟು ನೋಡುತ್ತಿದ್ದರು. ತುಮಕೂರಿನ ಒಂದು ಹೋಟೆಲಿನವರು, ಬೆಂಗಳೂರಿನ ಒಬ್ಬರು ಕಟ್ಟಡದ ಇಂಜಿನಿಯರು, ಎಲ್ಲ ಲೋಹಿತಾಳ ಸುತ್ತ. ಒಂದು ಮೂಲೆಯಲ್ಲಿ, ಹಟ್ಟಿ ಬಿಟ್ಟು ಎಲ್ಲಿಗೂ ಬಾರದ ಪಾಲಣ್ಣ ಒಗೆದ ಪಂಚೆ ಉಟ್ಟು ಕೂತಿದ್ದ.

ಲೋಹಿತಾ ಎದ್ದು ನಿಂತು ಮಾತಾಡಿದಳು. ಉಣ್ಣೆ, ನೇಯ್ಗೆ, ಕುರಿಗಾರರ ಮನೆಗಳು, ಎಲ್ಲ ಹೇಳಿ ಮುಗಿಸಿ, "ಇದೆಲ್ಲಾ ಓಬಳರಾಜಣ್ಣನಿಂದ. ಪಾಲಣ್ಣ ತಾತನ ಹತ್ರ ಹೋಗು ಅಂದಿದ್ದೂ ಅವನೇ, ಯಾವ ಹೊತ್ಗೆ ಹೋಗ್ಬೇಕು ಅಂತ ಹೇಳಿಕೊಟ್ಟಿದ್ದೂ ಅವನೇ. ಇನ್ಯಾರಾದ್ರೂ ಆಗಿದ್ರೆ ಬರೀ ನಂಬರು ಕೊಟ್ಟು ಕಳಿಸ್ತಿದ್ರು" ಎಂದಳು. ಚಪ್ಪಾಳೆ ಬಿತ್ತು. ಓಬಳರಾಜುವನ್ನು ಮುಂದಕ್ಕೆ ಕರೆದು ಹೆಗಲಿಗೆ ಒಂದು ಬೂದು ಕಂಬಳಿ ಹೊದಿಸಿದರು. ಅವನು ಕೈಮುಗಿದ. ಏನಾದರೂ ಮಾತಾಡಿ ಎಂದರು. ಬಸ್ಸಿನಲ್ಲಿ ಒಂದು ಕ್ಷಣ ಬಾಯಿ ಮುಚ್ಚದಿದ್ದವನಿಗೆ ಅಲ್ಲಿ ಒಂದು ಮಾತೂ ಹೊರಡಲಿಲ್ಲ. ವಿನಯ ಎಂದುಕೊಂಡು ಜನ ಇನ್ನಷ್ಟು ಚಪ್ಪಾಳೆ ತಟ್ಟಿದರು.

ಊಟದ ಹೊತ್ತಿನಲ್ಲಿ ಪಾಲಣ್ಣ ತನ್ನ ತಟ್ಟೆ ಹಿಡಿದುಕೊಂಡು ಬಂದು ಅವನ ಪಕ್ಕದಲ್ಲಿ ಕೂತ.

"ಯಾಕ್ಲಾ, ಅನ್ನ ಇಳೀತಿಲ್ವಾ?"

"ಇಳೀತೈತೆ."

"ನೀನು ಯಾರ್ನ ಕಳ್ಸಿದ್ರೂ ಮುಂಚೆ ಫೋನ್ ಮಾಡ್ತಿದ್ದೆ. ಇಂಗಿಂಗೆ ಇಂಥೋರು ಬತ್ತಾರೆ, ವಸಿ ಸಮಾಧಾನದಾಗಿರು ಅಂತ. ಈ ಮಗೀಗೆ ಮಾಡ್ನಿಲ್ಲ. ಮರ್ತವ್ನೆ ಅಂದ್ಕಂಡೆ. ಆಮ್ಯಾಕೆ ಅವ್ಳು ಯೋಳಿದ್ಲು, ಒತ್ತಾರೆನೇ ಓಗು ಅಂತ ನೀನೇ ಕಳ್ಸಿದ್ದು ಅಂತ."

ಓಬಳರಾಜು ತಟ್ಟೆಯನ್ನೇ ನೋಡುತ್ತಾ, "ಅವ್ಳಿಗೆ ಯೋಳ್ಬುಟ್ಯಾ?" ಎಂದ.

"ನಾನ್ಯಾಕ್ಲಾ ಯೋಳ್ಲಿ? ಅವ್ಳು ನಿನ್ನ ದೊಡ್ಡ ಮನ್ಸ ಅಂದ್ಕಂಡವ್ಳೆ. ಅದು ಕೆಟ್ರೆ ಅವ್ಳಿಗೇ ಲುಕ್ಸಾನು." ಪಾಲಣ್ಣ ಒಂದು ತುತ್ತು ತಿಂದು ನಿಧಾನವಾಗಿ ಮುಂದುವರಿಸಿದ. "ನಿಂಗೆ ಹೊಟ್ಟೆ ಉರೀತು, ಉರೀಲಿ. ನಂಗೂ ಉರೀತದೆ ಎಷ್ಟೋ ಸಲ. ಆದ್ರೆ ಅವ್ಳಿಗೆ ಒಡೆಯೋಕೆ ಒಂದು ದೊಣ್ಣೆ ಬೇಕಾಗಿತ್ತು ಅಂತ ನನ್ನ ತಕ್ಕಂಡ್ಯಲ್ಲ. ಅದು ನಂಗೆ ಸರಿ ಬರ್ನಿಲ್ಲ ಕಣ್ಲಾ."

ಅಷ್ಟು ಹೇಳಿ ಅವನು ಎದ್ದು ಕೈತೊಳೆಯಲು ಹೋದ. ಮತ್ತೆ ಆ ಮಾತನ್ನು ಎತ್ತಲಿಲ್ಲ. ಬೈದಿದ್ದರೆ ಓಬಳರಾಜುವಿಗೆ ಎಷ್ಟೋ ಹಗುರಾಗುತ್ತಿತ್ತು.

ಹದಿನೈದು ದಿನ ತಡೆದು, ಒಂದು ಬೆಳಿಗ್ಗೆ ಓಬಳರಾಜು ಮೊದಲ ಬಸ್ಸಿಗೆ ಹಟ್ಟಿಗೆ ಹೋದ. ಪಾಲಣ್ಣ ಹೊರಗೆ ಗಂಜಿ ಬಳಿಯುತ್ತಿದ್ದ. ತಪ್ಪಾಯಿತು ಎನ್ನಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದವನು ಅದನ್ನು ಬಿಟ್ಟು, ಹೋಗಿ ಎಳೆಗಳ ಆ ತುದಿಯಲ್ಲಿ ನಿಂತ. ಪಾಲಣ್ಣ ಕೋಲು ತೋರಿಸಿದ. ಹಿಡಿದ.

"ಬಸ್ಸಿನ ಗಂಟೆ ಹಗ್ಗ ಎಳ್ದಂಗೆ ಎಳೀಬ್ಯಾಡ. ಸುಮ್ನೆ ಹಿಡ್ಕ" ಎಂದ ಪಾಲಣ್ಣ. ಗಂಜಿ ಬಳಿಯುತ್ತಲೇ, "ಲೋಹಿತಾ ಚಂದಾಗಿ ಹಿಡೀತಾಳೆ" ಎಂದೂ ಸೇರಿಸಿದ.

ಓಬಳರಾಜು ಮುಖ ಆಚೆ ತಿರುಗಿಸಿದ. ಕೋಲು ಬಿಡಲಿಲ್ಲ. ಎಳೆಗಳು ಒಣಗಿದ ಮೇಲೆ ಪಾಲಣ್ಣನ ಸೊಸೆ ಇಬ್ಬರಿಗೂ ರೊಟ್ಟಿ ತಂದಿಟ್ಟಳು. ತಿನ್ನು ಎಂದು ಯಾರೂ ಜುಲುಮೆ ಮಾಡಲಿಲ್ಲ. ಹಸಿವಾಗಿತ್ತು, ತಾನೇ ತಿಂದ.

ಈಗ ಬಳಗದ ಕೆಲಸವನ್ನೆಲ್ಲ ಲೋಹಿತಾಳೇ ನೋಡುತ್ತಾಳೆ. ಗ್ರೂಪಿನಲ್ಲಿ ಅವಳೂ ಅಡ್ಮಿನ್. ಅವಳನ್ನು ಹಾಗೆ ಮಾಡಿದವನು ಓಬಳರಾಜುವೇ, ಮಾಡಿದ ಮೇಲೆ ಎರಡು ದಿನ ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ. ಹೊಟ್ಟೆಯುರಿ ಹೋಗಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಅವಳ ಫೋಟೋಗೆ ಬಿದ್ದ ಹೆಬ್ಬೆಟ್ಟುಗಳನ್ನು ಅವನು ಇವತ್ತಿಗೂ ನೋಡುತ್ತಾನೆ.

ಕಳೆದ ಸಲ ಸಭೆ ಕೊರಟಗೆರೆಯಲ್ಲಿತ್ತು. ಅವನು ಹಿಂದಿನ ಸಾಲಿನಲ್ಲಿ ನಿಂತಿದ್ದ. ತೋವಿನಕೆರೆಯಿಂದ ವರಲಕ್ಷ್ಮಿ ಎಂಬ ಹೆಂಗಸು ಮೊದಲ ಬಾರಿಗೆ ಬಂದಿದ್ದರು. ನವಣೆಯ ಹಪ್ಪಳ ಮಾಡುವವರು. ಯಾರ ಪರಿಚಯವೂ ಇಲ್ಲದೆ ಚೀಲವನ್ನು ಎದೆಗವಚಿಕೊಂಡು ಗೋಡೆ ಪಕ್ಕ ನಿಂತಿದ್ದರು. ಓಬಳರಾಜು ಹತ್ತಿರ ಹೋಗಿ ಯಾವ ಊರು, ಯಾರ ಮನೆ ಎಂದು ವಿಚಾರಿಸಿದ. ಅವರ ಮಾವ ಒಂದು ಕಾಲದಲ್ಲಿ ತನ್ನ ಬಸ್ಸಿನಲ್ಲಿ ಓಡಾಡುತ್ತಿದ್ದವರೇ ಎಂದು ತಿಳಿಯಿತು. ಆಮೇಲೆ ಅವನು ಅಲ್ಲಿದ್ದ ಒಬ್ಬೊಬ್ಬರನ್ನೂ ತೋರಿಸಿ, ಯಾರು ಮಾತಿಗೆ ನಿಲ್ಲುತ್ತಾರೆ, ಯಾರು ಸತಾಯಿಸುತ್ತಾರೆ, ಹಪ್ಪಳ ಯಾರ ಅಂಗಡಿಯಲ್ಲಿ ಓಡುತ್ತದೆ ಎಂದು ಮೆಲ್ಲಗೆ ಹೇಳತೊಡಗಿದ.

"ಅಲ್ಲಿ ಮುಂದ್ಗಡೆ ಮಾತಾಡ್ತಾ ಅವ್ಳಲ್ಲ, ಅವ್ಳು ಯಾರಣ್ಣ?" ಎಂದು ವರಲಕ್ಷ್ಮಿ ಕೇಳಿದರು.

"ಲೋಹಿತಾ ಅಂತ, ಪಾವಗಡದ ಕಡೆಯೋಳು" ಎಂದ ಓಬಳರಾಜು. "ಅವ್ಳನ್ನ ಕಂಡ್ರೆ ನಂಗೆ ಹೊಟ್ಟೆಕಿಚ್ಚು. ನೀವು ಮೊದಲು ಅವ್ಳನ್ನೇ ಮಾತಾಡ್ಸಿ, ಹೇಳಿದ್ ಕೆಲ್ಸ ಮರೆಯಾಕಿಲ್ಲ."

ವರಲಕ್ಷ್ಮಿ ತಮಾಷೆಯೆಂದುಕೊಂಡು ಸೆರಗು ಬಾಯಿಗೆ ಹಿಡಿದು ನಕ್ಕರು. ಓಬಳರಾಜು ನಗಲಿಲ್ಲ. ಅವರ ಚೀಲವನ್ನು ತಾನೇ ಎತ್ತಿಕೊಂಡು, ಜನರ ನಡುವೆ ದಾರಿ ಬಿಡಿಸುತ್ತಾ ಮುಂದೆ ನಡೆದ.